ಎಣ್ಣೆ ಸವರಿದ ಕ್ಲಚ್ ಪ್ಲೇಟು

“ಮೂಸಿ ನೋಡಯ್ಯಾ ನರಸಿಂಹಪ್ಪಾ! ನೀನೇ ಮೂಸಿ ನೋಡು!”

ಕಲ್ಯಾಣದುರ್ಗದ ಬಸ್ ಮಾಲೀಕರಾದ ತಿಪ್ಪೇರುದ್ರಪ್ಪನವರು ಗೋಣಿಚೀಲದಿಂದ ಕ್ಲಚ್ ಪ್ಲೇಟು ತೆಗೆದು ಪದ್ಮಾವತಿಯ ಅಪ್ಪನ ಮೂಗಿನ ಹತ್ತಿರ ಹಿಡಿದರು. ಊಟದ ತಟ್ಟೆಯಷ್ಟು ಅಗಲದ ಆ ದುಂಡನೆಯ ಪ್ಲೇಟು ಸುಟ್ಟು ಕರ್ರಗಾಗಿತ್ತು.

ಅಂಗಡಿಯೊಳಗೆ ಹಳೇ ಲಾರಿಯ ಸೀಟಿನ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದ ಪದ್ಮಾವತಿಯ ಕೈ ನಿಂತುಹೋಯಿತು. ವಾಸನೆ ಅವಳಿಗೂ ಬಂತು. ಕಡಲೆಕಾಯಿ ಎಣ್ಣೆ!

“ಮಿಲ್ಟ್ರಿ ಲಾರಿ ಇಂಜಿನ್ ತಂದು ನನ್ನ ಬಸ್ಸಿಗೆ ಕೂರಿಸ್ದೆ. ನಿನ್ ಹತ್ರ ಗೇರ್ ಬಾಕ್ಸು, ಕ್ಲಚ್ಚು ತಗೊಂಡೋಗಿ ಹಾಕಿಸ್ದೆ. ಕುಂದುರ್ಪಿ ದಾರೀಲಿ ಮೊದಲ್ನೇ ದಿಬ್ಬಕ್ಕೇ ನಿಂತೋಯ್ತು! ಇಂಜಿನ್ನು ಭೊರ್ರೋ ಅಂತೈತೆ, ಗಾಲಿ ಕದಲಲ್ಲ. ಬಸ್ ತುಂಬಾ ಬೋಂಡ ಕರ್ದಂಗೆ ವಾಸ್ನೆ. ‘ನಮಗೂ ಎರಡು ಕೊಡ್ರೀ’ ಅಂತ ಜನ ನಗ್ತಾರೆ ಕಣಯ್ಯಾ!”

ಹಿಂದೂಪುರದ ಆ ಬೀದಿಯಲ್ಲಿ ಜಗಳ ನೋಡಲು ಯಾರನ್ನೂ ಕರೆಯಬೇಕಾಗಿರಲಿಲ್ಲ. ಪಕ್ಕದ ಶಂಕರಯ್ಯನ ಹೋಟೆಲಿನಿಂದ ಜನ ಕಾಫಿ ಲೋಟದ ಸಮೇತ ಎದ್ದು ಬಂದರು.

“ಸವೆದಿರೋದು ಕಾಣಬಾರ್ದು ಅಂತ ಎಣ್ಣೆ ಸವರಿದೀಯ. ಇದು ಮೋಸ! ಕೇಳ್ರಪ್ಪಾ ಎಲ್ಲಾರೂ!”

“ಸಾಮಿ, ಎಣ್ಣೆ ನಾನು…” ಎಂದು ಶುರುಮಾಡಿದ ಅಪ್ಪ, ಪ್ಲೇಟನ್ನು ಇನ್ನೊಮ್ಮೆ ಮೂಸಿ, ಅದನ್ನು ಕೈಗೆ ತೆಗೆದುಕೊಂಡರು. “ತಪ್ಪು ನಮ್ಮದೇ ಸಾಮಿ. ಭಾನುವಾರ ನಾನೇ ಬಂದು ಬೇರೆ ಪ್ಲೇಟು ಹಾಕ್ಕೊಡ್ತೀನಿ” ಎಂದರು.

“ಒಪ್ಕೊಂಡ್ಬುಟ್ಟ ನೋಡ್ರೋ!” ಎಂದು ಯಾರೋ ನಕ್ಕರು.

ಪದ್ಮಾವತಿ ಸ್ಲೇಟನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಳು. ಎಣ್ಣೆ ಸವರಿದ್ದು ಅವಳು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸರ್ಕಾರ ಹರಾಜು ಹಾಕಿದ ಮಿಲ್ಟ್ರಿ ಲಾರಿಗಳನ್ನು ಅಪ್ಪ ಬಿಚ್ಚಿ, ಒಂದೊಂದೇ ಭಾಗವನ್ನು ಮಾರುತ್ತಿದ್ದರು. ಮನೆಯಲ್ಲಿ ಮಾತ್ರ ಎರ್ರಮ್ಮಜ್ಜಿಯ ಮಗ್ಗ ಇನ್ನೂ ಆಡುತ್ತಿತ್ತು. ಪಕ್ಕದ ಮನೆಯವರು ನೂಲು ಹಾಯಿಸುವ ಲಾಳಿ ಕೇಳಿದರೆ ಅಜ್ಜಿ ಅದಕ್ಕೆ ಎಣ್ಣೆ ಸವರದೆ ಕೊಡುತ್ತಿರಲಿಲ್ಲ. “ಒಣಗಿದ ಲಾಳಿ ಕೊಟ್ರೆ ನೂಲು ಕಿತ್ತೋಯ್ತದೆ ಕಣೆ. ನಮ್ಮ ಮನೆ ಸಾಮಾನು ಅಂದ್ರೆ ಜಾರ್ಕೊಂಡು ಓಡ್ಬೇಕು” ಎನ್ನುತ್ತಿದ್ದಳು.

ಹೋದ ವಾರ ಅಪ್ಪ, “ಗೇರುಗಳಿಗೆಲ್ಲ ಎಣ್ಣೆಬಟ್ಟೆ ಆಡಿಸಿ ಗೋಣಿಲಿ ಕಟ್ಟಿಡಮ್ಮ” ಎಂದು ಹೇಳಿ ರೈಲ್ವೆ ಸ್ಟೇಷನ್ನಿಗೆ ಹೋಗಿದ್ದರು. ಗೇರುಗಳು ಫಳಫಳ ಹೊಳೆದವು. ಕ್ಲಚ್ ಪ್ಲೇಟು ಮಾತ್ರ ಬೂದಿ ಬಳಿದ ಹಾಗೆ ಒಣಗಿಕೊಂಡಿತ್ತು. ನಮ್ಮ ಜಾಣೆ ಮನೆಗೆ ಓಡಿ, ಅಜ್ಜಿಯ ಲಾಳಿ ಎಣ್ಣೆ ತಂದು, ಎರಡೂ ಕಡೆ ಚೆನ್ನಾಗಿ ತಿಕ್ಕಿದ್ದಳು. ಯಾರನ್ನೂ ಕೇಳಿರಲಿಲ್ಲ.

‘ನಾನು ಹಚ್ಚಿದ್ದು’ ಎಂದು ಎದ್ದು ಹೇಳಿದ್ದರೆ ಆಗುತ್ತಿತ್ತು. ಅಷ್ಟು ಜನರ ಎದುರು ಅವಳು ಏಳಲಿಲ್ಲ. ಮಾರನೆಯ ದಿನ ಸ್ಕೂಲಿನಲ್ಲಿ ಹುಡುಗರು “ನಿಮ್ಮಪ್ಪ ಮೋಸಗಾರ ಅಂತೆ, ಹೌದೇನೇ?” ಎಂದು ಕೇಳಿದಾಗಲೂ ತಲೆ ತಗ್ಗಿಸಿ ಕೂತಳು. ನಾಚಿಕೆಯಿಂದ ಬುತ್ತಿ ಬಿಚ್ಚಲೂ ಮನಸ್ಸಾಗಲಿಲ್ಲ.

ಭಾನುವಾರ ಅಪ್ಪ ಹೊರಟಾಗ, “ನಾನೂ ಬತ್ತೀನಿ ಅಪ್ಪಾ” ಎಂದಳು. ದಾರಿಯಲ್ಲಿ ಹೇಳಿಬಿಡಬೇಕೆಂದು ಅವಳ ಲೆಕ್ಕ. ಪೆನುಕೊಂಡ ಬರಲಿ, ಹೇಳೋಣ ಅಂದುಕೊಂಡಳು. ಪೆನುಕೊಂಡ ಬಂತು, ಹೋಯಿತು. ಅವಳು ಬಸ್ಸಿನ ಕಿಟಕಿಯಾಚೆ ನೋಡುತ್ತಲೇ ಇದ್ದಳು.

ಕಲ್ಯಾಣದುರ್ಗದ ಶೆಡ್ಡಿನಲ್ಲಿ ಅಪ್ಪ ಬಸ್ಸಿನ ಕೆಳಗೆ ಮಲಗಿ ಕೆಲಸಕ್ಕೆ ತೊಡಗಿದರು. ಬೇರೆ ಪ್ಲೇಟು ಕೊಡಲು ಮಗಳನ್ನು ಕರೆದು, “ಬಟ್ಟೇಲಿ ಹಿಡ್ಕೊಂಡು ಕೊಡಮ್ಮ. ಇದು ಒಣಗಿರ್ಬೇಕು. ಇಂಜಿನ್ ಚಕ್ರನ ಗಟ್ಟಿಯಾಗಿ ಕಚ್ಕೊಳ್ಳೋದೇ ಇದರ ಕೆಲಸ. ಜಾರಿದ್ರೆ ಗಾಲಿ ತಿರುಗಲ್ಲ” ಎಂದರು. ಅಷ್ಟೇ.

“ಏಮಯ್ಯಾ ಹಿಂದೂಪುರಂ! ಈ ಸಲ ಎಳ್ಳೆಣ್ಣೆನೋ, ಕೊಬ್ರಿ ಎಣ್ಣೆನೋ?” ಎಂದು ಮೆಕಾನಿಕ್ ಆಂಜನಪ್ಪ ಗೇಲಿಮಾಡಿದ. ಬಸ್ಸಿನ ಕೆಳಗೆ ಸ್ಪ್ಯಾನರಿನ ಸದ್ದು ಮುಂದುವರಿಯಿತು.

ಮಧ್ಯಾಹ್ನ ಬಸ್ಸು ಹೊರಟಿತು. ಊರಾಚೆಯ ದಿಬ್ಬವನ್ನು ಒಂದೇ ಉಸಿರಿಗೆ ಹತ್ತಿ, ತಿರುಗಿ ಬಂತು. ಪದ್ಮಾವತಿಗೆ ಹೋದ ಜೀವ ಬಂದ ಹಾಗಾಯಿತು. ಎಲ್ಲ ಸರಿಹೋಯಿತಲ್ಲ, ಇನ್ನು ಹೇಳುವುದೇ ಬೇಡ ಎಂದು ತೀರ್ಮಾನ ಮಾಡಿಕೊಂಡಳು.

ತಿಪ್ಪೇರುದ್ರಪ್ಪನವರ ಸಿಟ್ಟೂ ಇಳಿದಿತ್ತು. “ಪೋನೀ ಬಿಡು ನರಸಿಂಹಪ್ಪಾ, ಆಗಿದ್ದು ಆಗೋಯ್ತು. ಇನ್ಮೇಲೆ ಯಾರಿಗೂ ಹಿಂಗೆ ಮೋಸ ಮಾಡ್ಬ್ಯಾಡ.”

“ಇಲ್ಲ ಸಾಮಿ” ಎಂದು ಅಪ್ಪ ಕೈಮುಗಿದರು. ಮಸಿ ಹತ್ತಿದ ಎರಡೂ ಕೈ.

ಆ ಕೈಗಳನ್ನು ನೋಡಿದ್ದೇ ಪದ್ಮಾವತಿ ಮುಂದೆ ನುಗ್ಗಿದಳು.

“ಅಪ್ಪ ಅಲ್ಲ! ನಾನು! ನಾನು ಹಚ್ಚಿದ್ದು! ಅಜ್ಜಿ ಲಾಳಿಗೆ ಹಚ್ತಾಳಲ್ಲ… ಇದಕ್ಕೂ ಹಚ್ಬೇಕು ಅಂದ್ಕೊಂಡೆ.”

ಇಡೀ ಶೆಡ್ಡು ಗೊಳ್ಳೆಂದಿತು. “ಲಾಳಿಯಂತೆ ಕಣ್ರಪ್ಪೋ!” ಎಂದು ಆಂಜನಪ್ಪ ಹೊಟ್ಟೆ ಹಿಡಿದುಕೊಂಡ.

ತಿಪ್ಪೇರುದ್ರಪ್ಪನವರು ಮಾತ್ರ ನಗಲಿಲ್ಲ. “ನಿಂಗೆ ಗೊತ್ತಿತ್ತೇನಯ್ಯಾ?” ಎಂದು ಅಪ್ಪನನ್ನು ಕೇಳಿದರು.

“ನಮ್ಮ ಮಗ್ಗದ ಎಣ್ಣೆ ವಾಸ್ನೆ ನಂಗೆ ಗೊತ್ತಾಗಲ್ವಾ ಸಾಮಿ?”

“ಮತ್ತೆ ಬೀದೀಲಿ ನಿಲ್ಸಿ ಅಷ್ಟು ಬೈದ್ನಲ್ಲ. ಅವತ್ತೇ ಹೇಳೋಕೆ ಏನಾಗಿತ್ತು?”

“ಇವಳೇ ಹೇಳ್ತಾಳೆ ಅಂತ ಗೊತ್ತಿತ್ತು” ಎಂದರು ಅಪ್ಪ.

ಪದ್ಮಾವತಿಯ ಮುಖ ಕಿವಿಯವರೆಗೂ ಬಿಸಿಯಾಯಿತು. ಈಗಷ್ಟೇ, ಹೇಳುವುದೇ ಬೇಡ ಎಂದು ಅವಳು ತೀರ್ಮಾನ ಮಾಡಿದ್ದಳು. ಅದು ಅಪ್ಪನಿಗೆ ಗೊತ್ತಿಲ್ಲ. ಆಂಜನಪ್ಪನ ನಗು ಅವಳಿಗೆ ಅಷ್ಟು ಚುಚ್ಚಲಿಲ್ಲ. ಅಪ್ಪನ ಆ ಮಾತು ಚುಚ್ಚಿತು.

ಸಂಜೆ ವಾಪಸ್ಸು ಹೋಗುವ ಬಸ್ಸಿಗಾಗಿ ಇಬ್ಬರೂ ಹುಣಸೆಮರದ ಕೆಳಗೆ ಕಾಯುತ್ತಿದ್ದರು. ಪದ್ಮಾವತಿ ಕೇಳಿದಳು:

“ಅಪ್ಪಾ, ಶಂಕರಯ್ಯನೋರ ಹೋಟ್ಲಾಗೆ ಜನ ಯಾವಾಗ ಜಾಸ್ತಿ ಇರ್ತಾರೆ?”

“ಬೆಳಿಗ್ಗೆ ಏಳು ಗಂಟೆಗೆ. ಯಾಕಮ್ಮ?”

“ನಾಳೆ ಅಲ್ಲಿಗೆ ಹೋಗಿ ಹೇಳ್ಬೇಕು.”

ಅಪ್ಪ ಅವಳನ್ನೇ ನೋಡಿದರು. ‘ಬೇಡ ಬಿಡಮ್ಮ’ ಎನ್ನಲು ಬಾಯಿ ತೆರೆದು, ಮುಚ್ಚಿಕೊಂಡರು.

“ಜೊತೇಲಿ ನಾನು ಬರ್ಲೇನಮ್ಮ?”

“ಬ್ಯಾಡ ಅಪ್ಪಾ. ಒಬ್ಳೇ ಹೋಯ್ತೀನಿ.”