ಎಂಬತ್ತಾರು ಮುಖಗಳ ಫೋಟೊ

"ಕೈ ಬಿಡ್ರಿ!"

"ನೀವು ಬಿಡಿ ಮಾರಾಯ್ರೆ! ಮೊದಲು ಮುಟ್ಟಿದ್ದು ನಾನು."

ಪುಣೆಯ ಜುನಾ ಬಜಾರಿನಲ್ಲಿ, ತುಕ್ಕು ಹಿಡಿದ ಬೀಗ, ಒಡಕು ನಲ್ಲಿಗಳ ರಾಶಿಯ ನಡುವೆ ಇಬ್ಬರು ಒಂದು ಮರದ ಕ್ಯಾಮೆರಾವನ್ನು ಎರಡು ಕಡೆಯಿಂದ ಹಿಡಿದು ನಿಂತಿದ್ದರು. ಅದು 1998ರ ನವೆಂಬರ್‌ನ ಒಂದು ಭಾನುವಾರ. ಕೂತ ಜನ ಎದ್ದು ನೋಡುತ್ತಿದ್ದರು.

ಭುವನೇಶ್ವರಿ ಹಿಡಿತ ಸಡಿಲಿಸಲಿಲ್ಲ. ಎಂಟು ವರ್ಷದಿಂದ ಶಿವಾಜಿನಗರದ ಬಿಂದುಮಾಧವರಾಯರ ಸ್ಟುಡಿಯೊದಲ್ಲಿ ದುಡಿಯುತ್ತಿದ್ದವಳು ಅವಳು. ನೆಗೆಟಿವ್ ತೊಳೆಯುವುದು, ಪೆನ್ಸಿಲಿನಿಂದ ಮುಖ ತಿದ್ದುವುದು ಎಲ್ಲ ಅವಳ ಕೆಲಸ. ಆದರೆ ಕ್ಯಾಮೆರಾ ಹಿಂದೆ ನಿಲ್ಲುವವರು ಮಾತ್ರ ಗಂಡಸರು! 'ಇದು ನನ್ನದಾಗಬೇಕು... ನನ್ನ ಸ್ವಂತದ್ದು!'

"ಇದರ ಮರ ಪೂರ್ತಿ ಹಾಳಾಗಿದೆ. ನಿಮಗೆ ಎಂತಕ್ಕೆ ಇದು?" ಎಂದ ಅವನು.

"ನಿಮಗ್ಯಾಕ?"

"ನನಗೆ ಲೆನ್ಸ್ ಸಾಕು."

ಅಂಗಡಿಯವನು ನಕ್ಕ. ಹಿತ್ತಾಳೆಯ ಲೆನ್ಸನ್ನು ಸರಸರನೆ ತಿರುಗಿಸಿ ಬಿಚ್ಚಿ ಅವನ ಕೈಗಿಟ್ಟ, ಮರದ ಪೆಟ್ಟಿಗೆಯನ್ನು ಅವಳ ಕೈಗಿಟ್ಟ. ಇಬ್ಬರಿಂದಲೂ ಹಣ ಪಡೆದು ಮುಂದಿನ ಗಿರಾಕಿಯತ್ತ ತಿರುಗಿದ.

ಭುವನೇಶ್ವರಿಗೆ ಅಳು ಬಂತು. ಲೆನ್ಸ್ ಇಲ್ಲದ ಕ್ಯಾಮೆರಾ! ಆದರೂ ಅವನ ಮುಂದೆ ಅಳಲಿಲ್ಲ. ಪೆಟ್ಟಿಗೆಯನ್ನು ಕಂಕುಳಿಗೇರಿಸಿ ನಡೆದಳು.

ಹಿಂದೆ ಹೆಜ್ಜೆ ಸಪ್ಪಳ ಕೇಳಿತು.

"ನಿಲ್ಲಿ... ಅದನ್ನು ರಿಪೇರಿ ಮಾಡುವವರು ಯಾರು?"

"ನಾನs!"

ಅವನು ಒಂದು ಕ್ಷಣ ಅವಳನ್ನೇ ನೋಡಿದ. "ಹಾಗಾದರೆ ಲೆನ್ಸ್ ನಾನು ಕೊಡ್ತೇನೆ. ನನ್ನನ್ನೂ ಸೇರಿಸಿಕೊಳ್ಳಿ. ನನ್ನ ಹೆಸರು ಹರಿಶ್ಚಂದ್ರ."

* * *

ಹರಿಶ್ಚಂದ್ರನ ಅಪ್ಪ ಕುಂದಾಪುರದ ಕಡೆಯವರು, ಪುಣೆಯ ಡೆಕ್ಕನ್ ಬಡಾವಣೆಯಲ್ಲಿ ಅವರದೊಂದು ಹೋಟೆಲ್. ಗಲ್ಲಾದಲ್ಲಿ ಕೂರಬೇಕಾದ ಮಗ ಕ್ಯಾಮೆರಾ ರಿಪೇರಿ ಕಲಿತು ಮನೆಯವರ ಬೈಗುಳ ತಿನ್ನುತ್ತಿದ್ದ. ಪ್ರತಿ ಭಾನುವಾರ ಸ್ಟುಡಿಯೊದ ಹಿಂದಿನ ಕೋಣೆಗೆ ಬರತೊಡಗಿದ.

ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾಗಿದ್ದ ಕ್ಯಾಮೆರಾದ ಚರ್ಮದೊಳಗೆ ಬಲ್ಬು ಹೊತ್ತಿಸಿ ಅವರು ತೂತು ಹುಡುಕಿದರು. ಕತ್ತಲ ಕೋಣೆಯಲ್ಲಿ ನಕ್ಷತ್ರಗಳಂತೆ ಮೂವತ್ತೊಂದು ತೂತು! ಒಂದೊಂದಕ್ಕೂ ಅವಳು ಕಪ್ಪು ಬಟ್ಟೆಯ ತೇಪೆ ಅಂಟಿಸಿದಳು. ಫೋಕಸ್ ಮಾಡಲು ತಿರುಗಿಸುವ, ಜಾಮ್ ಆಗಿದ್ದ ಹಿತ್ತಾಳೆ ಚಕ್ರದ ಹಲ್ಲುಗಳನ್ನು ಅವನು ಸೀಮೆಎಣ್ಣೆಯಲ್ಲಿ ನೆನೆಸಿ ಬಿಡಿಸಿದ.

ಹಿಂಬದಿಯಲ್ಲಿ ಚಿತ್ರ ಮೂಡುವ ಮಸುಕು ಗಾಜು ಒಡೆದಿತ್ತು. ಅದಕ್ಕೆ ದಾರಿ ತೋರಿಸಿದವನು ಭುವನೇಶ್ವರಿಯ ಅಪ್ಪ ಹೊಳಬಸಪ್ಪ. ಸೇಡಂನಿಂದ ಬಂದು ಇಪ್ಪತ್ತು ವರ್ಷದಿಂದ ಪುಣೆಯಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಮೇಸ್ತ್ರಿ.

"ಮೊಸಾಯಿಕ್ ನೆಲ ಉಜ್ಜೂ ಪುಡಿ ಅದ ನಮ್ಮಲ್ಲಿ. ಸಾದಾ ಗಾಜಿನ ಮ್ಯಾಲ ಪುಡಿ, ನೀರ ಹಾಕಿ ಉಜ್ಜವ್ವಾ. ಆಗ್ತದ."

ಮೂರು ದಿನ ಉಜ್ಜಿದ ಮೇಲೆ ಗಾಜು ಹಾಲಿನಂತಾಯಿತು. ಲೆನ್ಸ್ ಕೂರಿಸಿ, ತಲೆಯ ಮೇಲೆ ಕರಿಬಟ್ಟೆ ಹೊದ್ದು ನೋಡಿದರೆ... ಬೀದಿಯೆಲ್ಲ ತಲೆಕೆಳಗಾಗಿ ಗಾಜಿನ ಮೇಲೆ! ರಿಕ್ಷಾಗಳು, ಬೇವಿನ ಮರ, ಎದುರಿನ ಚಹಾದಂಗಡಿ...

"ಹರಿಶ್ಚಂದ್ರ ಅವ್ರs! ನೋಡ್ರಿಲ್ಲೆ!"

ಅವನೂ ಬಟ್ಟೆಯೊಳಗೆ ತಲೆ ತೂರಿಸಿದ. ಇಬ್ಬರ ಉಸಿರೂ ಒಂದೇ ಕತ್ತಲಲ್ಲಿ... ಭುವನೇಶ್ವರಿ ಥಟ್ಟನೆ ಹೊರಬಂದಳು. ಕಿವಿ ಬಿಸಿಯಾಗಿತ್ತು.

"ಮೊದಲ ಫೋಟೊ ಯಾರದ್ದು?" ಅವನು ಕೇಳಿದ.

"ಅಪ್ಪನ ಗುಂಪಿಂದು. ಎಂಬತ್ತಾರು ಮಂದಿ. ಔಂಧದಾಗ ಆರು ಅಂತಸ್ತಿನ ಕಟ್ಟಡ ಕಟ್ಯಾರ. ಉದ್ಘಾಟನೆ ಫೋಟೊದಾಗ ಸಾಹೇಬ್ರು, ಹಾರ, ಕತ್ತರಿ... ಇವ್ರೊಬ್ರೂ ಇರಂಗಿಲ್ಲ. ಸಣ್ಣ ಕ್ಯಾಮೆರಾದಾಗ ಇಷ್ಟ್ ಮಂದಿ ಮುಖ ಸಾಸಿವಿಯಂಗ ಕಾಣ್ತಾವ. ಇದರ ಫಿಲ್ಮ್ ನೋಟಬುಕ್ಕಿನ ಹಾಳಿಯಷ್ಟ ಅದ. ಒಬ್ಬೊಬ್ಬರ ಕಣ್ಣೂ ಕಾಣಬೇಕು ನನಗ!"

ಅವನು ಅವಳನ್ನೇ ನೋಡುತ್ತ ನಿಂತ. ಆ ನೋಟ ಅವಳಿಗೆ ಅರ್ಥವಾಗಿತ್ತು... ಅರ್ಥವಾಗದಂತೆ ಮುಖ ತಿರುಗಿಸಿದಳು.

* * *

ಉದ್ಘಾಟನೆಗೆ ಹತ್ತು ದಿನವಿತ್ತು. ಸ್ಟುಡಿಯೊಗೆ ಬಿಳಿ ಸಫಾರಿ ತೊಟ್ಟವನೊಬ್ಬ ಬಂದು ನೇರವಾಗಿ ಕ್ಯಾಮೆರಾ ಸವರಿದ.

"ವಾಹ್! ಪೂರಾ ತಯಾರಾಗಿದೆಯಲ್ಲ! ಹರೀಶ್ ಲೆನ್ಸ್ ಮಾತ್ರ ತರ್ತೀನಿ ಅಂದಿದ್ದ..."

"ಯಾರ್ರಿ ನೀವು?"

"ಮುಂಬೈಯಲ್ಲಿ ಹಳೇ ಸಾಮಾನಿನ ವ್ಯಾಪಾರ. ಹರೀಶ್ ಅಪ್ಪನ ಹೋಟೆಲಿನಲ್ಲಿ ಕೇಳಿದೆ, ಇಲ್ಲಿರ್ತಾನೆ ಅಂದ್ರು. ಆ ಲೆನ್ಸ್ ಕೊಂಡುಕೊಂಡು ಬಾ ಅಂತ ಅವನನ್ನ ಜುನಾ ಬಜಾರಿಗೆ ಕಳಿಸಿದ್ದು ನಾನೇ ಅಲ್ವಾ!"

ಭುವನೇಶ್ವರಿ ಅವನ ಕೈಯನ್ನು ಕ್ಯಾಮೆರಾದಿಂದ ಸರಿಸಿದಳು. ಮೂರು ತಿಂಗಳು... ಹರಿಶ್ಚಂದ್ರ ಒಂದು ಮಾತಾದರೂ ಹೇಳಿದನೇ?

ಸಂಜೆ ಹರಿಶ್ಚಂದ್ರ ಬಂದಾಗ ಲೆನ್ಸ್ ಆಗಲೇ ಬಿಚ್ಚಿ ಮೇಜಿನ ಮೇಲಿತ್ತು.

"ತಗೊಂಡು ಹೋಗ್ರಿ."

"ಭುವನೇಶ್ವರಿ... ಮೊದಲು ಅವರಿಗಾಗಿಯೇ ಕೊಂಡದ್ದು ಹೌದು. ಆಮೇಲೆ ಕೊಡುವ ಮನಸ್ಸು ಬರಲಿಲ್ಲ. ಅವರಿಗೆ ಇಲ್ಲ ಅಂತ ಹೇಳುವವನಿದ್ದೆ..."

"ನನಗ ಯಾಕ ಹೇಳಲಿಲ್ಲ? ಹೆಸರಿಗೆ ಮಾತ್ರ ಹರಿಶ್ಚಂದ್ರ!"

ಅವನು ಲೆನ್ಸ್ ಕೈಗೆತ್ತಿಕೊಂಡ. "ಮತ್ತೆ ಎಂಬತ್ತಾರು ಜನರ ಫೋಟೊ?"

"ನಿಮ್ಮ ಲೆನ್ಸ್ ಇಲ್ಲದs ತಗೀತೀನಿ! ನೋಡಾಕ ಬರಬ್ಯಾಡ್ರಿ!"

ಅವನು ಹೋದ ಮೇಲೆ ಅವಳು ಕರಿಬಟ್ಟೆಯಲ್ಲಿ ಮುಖ ಹುದುಗಿಸಿ ಅತ್ತಳು. 'ಅವನ ಮೇಲೆ ಇಷ್ಟು ಸಿಟ್ಟು ಯಾಕೆ? ಲೆನ್ಸಿಗಾಗಿಯಾ... ಅಥವಾ?'

ಬಿಂದುಮಾಧವರಾಯರು ಬಾಗಿಲಲ್ಲಿ ನಿಂತು ಕೆಮ್ಮಿದರು. "ಅಳೋದು ಮುಗೀತಾ? ಒಂದು ಹಿತ್ತಾಳಿ ತಗಡು, ಒಂದು ಸೂಜಿ ತಾ. ಸೂಜಿಮೊನೆಯಷ್ಟು ತೂತು ಇದ್ರ ಸಾಕು, ಲೆನ್ಸ್ ಬೇಕಿಲ್ಲ. ಮಂದಿ ಮಾತ್ರ ಅಲ್ಲಾಡದಂಗ ನಿಂದರಬೇಕು."

* * *

ಉದ್ಘಾಟನೆಯ ಹಿಂದಿನ ಮುಂಜಾನೆ ಅವಳು ಕ್ಯಾಮೆರಾ ಹೊತ್ತು ಔಂಧಕ್ಕೆ ಬಂದಾಗ ಶೆಡ್ಡುಗಳ ತಗಡು ಕೀಳುತ್ತಿದ್ದರು. ಅತಿಥಿಗಳ ಕಣ್ಣಿಗೆ ಕೂಲಿಯವರು ಬೀಳಬಾರದಂತೆ! ಸಂಜೆಯೊಳಗೆ ಎಲ್ಲರೂ ಜಾಗ ಖಾಲಿ ಮಾಡಬೇಕಿತ್ತು. ಅರ್ಧ ಜನ ಸ್ವಾರಗೇಟಿನಿಂದ ಊರಿನ ಬಸ್ಸು ಹಿಡಿಯುವವರು, ಉಳಿದವರು ಬೇರೆ ಕೆಲಸಕ್ಕೆ.

"ಬ್ಯಾಡವ್ವಾ," ಹೊಳಬಸಪ್ಪ ತಗ್ಗಿದ ದನಿಯಲ್ಲಿ ಹೇಳಿದ. "ಸೂಪರ್‌ವೈಸರ್ ನೋಡಿದ್ರ ಮುಂದ ಕೆಲಸ ಸಿಗಂಗಿಲ್ಲ."

"ಅಪ್ಪಾ, ನಾಳೆ ಈ ಕಟ್ಟಡ ಯಾರ ಕಟ್ಟಿದ್ರು ಅಂತ ಕೇಳಿದ್ರ ಏನ್ ತೋರಸ್ತಿ? ಇವತ್ತ ತಪ್ಪಿದ್ರ ಈ ಮಂದಿ ಮತ್ತ ಒಂದs ಕಡಿ ಕೂಡಂಗಿಲ್ಲ."

ಹೊಳಬಸಪ್ಪ ಕಟ್ಟಡದತ್ತ ನೋಡಿದ. ಮಗಳತ್ತ ನೋಡಿದ. ಆಮೇಲೆ ತಲೆಯ ರುಮಾಲು ಬಿಚ್ಚಿ ಕೊಡವಿ ಮತ್ತೆ ನೀಟಾಗಿ ಸುತ್ತಿಕೊಂಡು ಕೂಗಿದ. "ಬರ್ರಿ ಎಲ್ಲಾರೂ! ಮೆಟ್ಟಲ ಮ್ಯಾಲ ನಿಂದರ್ರಿ!"

ಬುಟ್ಟಿ ಹಿಡಿದವರು, ಕೂಸು ಎತ್ತಿಕೊಂಡವರು, ಸಿಮೆಂಟಿನ ಕೈಗಳನ್ನು ಸೀರೆಗೆ ಒರೆಸಿಕೊಂಡವರು... ಮೆಟ್ಟಿಲು ತುಂಬಿತು.

ಆಗ ಗೇಟಿನಲ್ಲಿ ಹರಿಶ್ಚಂದ್ರ ಕಾಣಿಸಿದ. ಓಡಿ ಬಂದು ಏದುಸಿರು ಬಿಡುತ್ತಿದ್ದ. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಲೆನ್ಸ್.

"ಇದು ನಿಮ್ಮದು. ನಾನು ಬೇಡವಾದರೆ... ಈಗಲೇ ಹೋಗ್ತೇನೆ."

ಅವಳು ಗಲ್ಲ ಎತ್ತಿ ಹೇಳಿದಳು. "ಎರಡs ಹಾಳಿ ಫಿಲ್ಮ್ ಅದ. ಮೊದಲನೇದು ನನ್ನ ಸೂಜಿ ತೂತಿನ ತಗಡಿನಿಂದ. ಆಮ್ಯಾಲ ನಿಮ್ಮ ಲೆನ್ಸ್ ನೋಡೋಣ. ಸುಮ್ಮನ ನಿಂದರಬ್ಯಾಡ್ರಿ, ಆ ಕಾಲ ಹಿಡೀರಿ, ಜಲ್ಲಿ ಮ್ಯಾಲ ಜಾರ್ತದ!"

ಅವನು ಮಂಡಿಯೂರಿ ಸ್ಟ್ಯಾಂಡಿನ ಕಾಲು ಹಿಡಿದ.

"ಹನ್ನೆರಡ ಎಣಸ್ತೀನಿ. ಯಾರೂ ಅಲಗಾಡಬ್ಯಾಡ್ರಿ!" ಅವಳು ತಗಡಿನ ಮೇಲಿನ ಮುಚ್ಚಳ ಸರಿಸಿದಳು. "ಒಂದು... ಎರಡು..."

"ಏ! ಕಾಯ್ ಚಾಲೂ ಆಹೆ? ಬಂದ್ ಕರಾ!" ಸೂಪರ್‌ವೈಸರ್ ನಿಲ್ಲಿಸಿ ಎಂದು ಮರಾಠಿಯಲ್ಲಿ ಕೂಗುತ್ತ ಬಂದ. "ಕೂಲಿ ಬೇಕೋ ಬೇಡವೋ ನಿಮಗೆ? ಹೋಗ್ರಿ ಎಲ್ಲ!"

"ಐದು... ಆರು..."

ಯಾರೂ ಅಲುಗಾಡಲಿಲ್ಲ. ಎಂಬತ್ತಾರು ಜನ! ಒಂದು ತಲೆಯೂ ಅವನತ್ತ ತಿರುಗಲಿಲ್ಲ. ಹೊಳಬಸಪ್ಪ ಎದೆ ಸೆಟೆಸಿ ಮಗಳತ್ತಲೇ ನೋಡುತ್ತಿದ್ದ. ಸೂಪರ್‌ವೈಸರ್ ಕ್ಯಾಮೆರಾ ತಳ್ಳಲು ಕೈ ಚಾಚಿದ. ಹರಿಶ್ಚಂದ್ರ ಸ್ಟ್ಯಾಂಡಿನ ಕಾಲು ಬಿಡದೆ ಹೆಗಲೊಡ್ಡಿದ. ತಳ್ಳಿದ ಪೆಟ್ಟು ಅವನ ಹೆಗಲಿಗೆ ಬಿತ್ತು. ಕ್ಯಾಮೆರಾ ಮಿಸುಕಲಿಲ್ಲ.

"ಹತ್ತು... ಹನ್ನೊಂದು... ಹನ್ನೆರಡು!"

ಮುಚ್ಚಳ ಹಾಕಿ ಭುವನೇಶ್ವರಿ ಸೂಪರ್‌ವೈಸರನತ್ತ ತಿರುಗಿ ಮರಾಠಿಯಲ್ಲೇ ಹೇಳಿದಳು. "ಸಾಹೇಬ್, ಇನ್ನೊಂದು ಫೋಟೊ ತೆಗೆಯುವುದಿದೆ. ನೀವೂ ಇಲ್ಲೇ ದುಡಿದವರು. ಬೇಕಾದರೆ ಹೋಗಿ ನಿಂತುಕೊಳ್ಳಿ. ಬೇಡವಾದರೆ ಪಕ್ಕಕ್ಕೆ ಸರಿಯಿರಿ."

ಮೆಟ್ಟಿಲ ತುಂಬ ನಿಂತ ಜನ ಈಗ ಅವನನ್ನೇ ನೋಡುತ್ತಿದ್ದರು. ಅವನು ಗೊಣಗುತ್ತ ಪಕ್ಕಕ್ಕೆ ಸರಿದ.

* * *

ಎರಡು ದಿನದ ನಂತರ ಸ್ಟುಡಿಯೊದ ಮೇಜಿನ ಮೇಲೆ ಎರಡು ಪ್ರಿಂಟು. ಮೊದಲನೆಯದರಲ್ಲಿ ಮುಖಗಳು ಮಂಜಿನಲ್ಲಿ ಮಿಂದಂತೆ ಮೆತ್ತಗೆ. ಎರಡನೆಯದರಲ್ಲಿ ಒಬ್ಬೊಬ್ಬರ ರೆಪ್ಪೆಯೂ ಸ್ಪಷ್ಟ.

"ನನ್ನ ಮುರಿದ ಹಲ್ಲೂ ಬಂದದಲ್ಲವ್ವಾ!" ಹೊಳಬಸಪ್ಪ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಪ್ರಿಂಟನ್ನು ಹೆಂಡತಿಗೆ ತೋರಿಸಲು ಎದೆಗವಚಿಕೊಂಡು ಹೊರಟುಹೋದ.

ಉಳಿದವರು ಇಬ್ಬರೇ.

"ಹೆಗಲ ನೋವದ ಏನ್ರಿ?"

"ಇಲ್ಲ... ಸ್ವಲ್ಪ." ಅವನು ತಲೆ ತಗ್ಗಿಸಿದ. "ನಿಮಗೆ ಹೇಳ್ಲಿಕ್ಕೆ ಹೆದರಿದೆ. ಹೇಳಿದರೆ ಮತ್ತೆ ಇಲ್ಲಿಗೆ ಬರ್ಲಿಕ್ಕೆ ಬಿಡುವುದಿಲ್ಲ ಅಂತ. ವಾರಕ್ಕೆ ಒಂದು ದಿನ ನಿಮ್ಮನ್ನು ನೋಡದಿದ್ದರೆ ನನಗೆ ಆಗುವುದಿಲ್ಲ, ಭುವನೇಶ್ವರಿ. ಅಪ್ಪನಿಗೂ ಹೇಳಿದೆ."

"ಏನಂದ್ರು?"

"ಗಾರೆ ಕೆಲಸದವನ ಮಗಳಾ, ಅಂತ ಕೇಳಿದರು."

"ನೀವೇನಂದ್ರಿ?"

"ನಮ್ಮ ಹೋಟೆಲಿನ ಗೋಡೆ ಯಾರು ಕಟ್ಟಿದ್ದು ಅಂತ ಕೇಳಿದೆ. ಮೂರು ದಿನದಿಂದ ಮಾತಿಲ್ಲ."

"ಅವ್ರು ಒಪ್ಪದಿದ್ರ?"

"ಒಪ್ಪುವವರೆಗೆ ಕೇಳ್ತೇನೆ. ಒಪ್ಪದಿದ್ದರೂ ನಾನು ಬರ್ತೇನೆ. ಆದರೆ ಮೊದಲು ನೀವು ಒಪ್ಪಬೇಕಲ್ಲ?"

ಭುವನೇಶ್ವರಿ ಉಳಿದ ಪ್ರಿಂಟನ್ನು ಕವರಿಗೆ ಸೇರಿಸಿದಳು. ಆಮೇಲೆ ಅವನ ಕಣ್ಣಿಗೆ ಕಣ್ಣು ಕೊಟ್ಟಳು.

"ನನ್ನಿಂದ ಏನೂ ಮುಚ್ಚಿಡಬಾರದು. ನಾ ಕೆಲಸ ಬಿಡಂಗಿಲ್ಲ. ಫೋಟೊ ತಗಿಯೂದು ನಾನು!"

"ಆಯ್ತು."

"ಅಪ್ಪನ ಮುಂದ ನೆಲದ ಮ್ಯಾಲ ಕುಂತು ನೀವs ಕೇಳಬೇಕು."

"ಕೇಳ್ತೇನೆ. ಯಾವಾಗ?"

"ಈಗ ನಡೀರಿ. ಅವ್ವ ರೊಟ್ಟಿ ಬಡಿಯೂ ಹೊತ್ತು." ಅವಳ ತುಟಿಯಲ್ಲಿ ಮೊದಲ ಬಾರಿಗೆ ನಗು ಮೂಡಿತು. "ಖಾರ ಭಾಳ ಇರ್ತದ, ಹೇಳೀನಿ!"

"ಕಣ್ಣಲ್ಲಿ ನೀರು ಬಂದರೆ?"

"ಬರ್ಲಿ," ಅವಳು ಅವನ ಕೈ ಹಿಡಿದು ಬಾಗಿಲತ್ತ ಎಳೆದಳು. "ನಾ ಒರಸ್ತೀನಿ."