ಕುಕ್ಕುವಾಡಕ್ಕೆ ಹೋಗದ ಫಟಫಟಿ

ಹರಿಹರದ ದಾರಿಯಲ್ಲಿ ಕಲ್ಲಿಗೆ ಬಡಿದು ಮೈಲಾರಲಿಂಗಪ್ಪನ ಮೋಟಾರ್ ಸೈಕಲ್ಲಿನ ಚೇಂಬರ್ ಒಡೆಯಿತು. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆಗೆ ಮೆಕ್ಯಾನಿಕ್ಕುಗಳು ಇಟ್ಟ ಹೆಸರು ಅದು. ಎಣ್ಣೆಯೆಲ್ಲ ರಸ್ತೆಪಾಲಾಗಿ, ಅವನು ಗಾಡಿ ತಳ್ಳಿಕೊಂಡು ದಾವಣಗೆರೆ ಸೇರಿದ. ಸುದ್ದಿ ಕೇಳಿ ಅವನಿದ್ದ ಮನೆಯ ಹುಡುಗಿ ಕೊಟ್ರವ್ವನಿಗೆ ಖುಷಿಯಾಯಿತು. ಆಗಬಾರದಿತ್ತು, ಆದರೂ ಆಯಿತು.

ಭಾನುವಾರ ಅವನು ಹೆಣ್ಣು ನೋಡಲು ಕುಕ್ಕುವಾಡಕ್ಕೆ ಹೋಗುವವನಿದ್ದ. ಸೋದರಮಾವ ಗೊತ್ತುಮಾಡಿದ ಸಂಬಂಧ. ನೋಡಿ ಬಂದರೆ ಒಪ್ಪಿದ ಹಾಗೆಯೇ. ಹರಿಹರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಮೈಲಾರಲಿಂಗಪ್ಪ ಕೊಟ್ರವ್ವನ ಮನೆಯ ಬೀದಿಕೋಣೆಯಲ್ಲಿ ಬಾಡಿಗೆಗಿದ್ದ. ಆಳು ಲಕ್ಷಣವಾಗಿದ್ದ, ಬಾಯಿಗೆ ಮಾತ್ರ ಬೀಗ. ಅವನೆಂದರೆ ಕೊಟ್ರವ್ವನಿಗೆ ಬಹಳ ಇಷ್ಟ. ಹೆಣ್ಣುಮಗಳು ತಾನಾಗಿ ಕೇಳುವ ಕಾಲ ಅದಲ್ಲ. ಅವನೋ, ಸ್ಪ್ಯಾನರ್ ಬಿಟ್ಟು ಬೇರೇನನ್ನೂ ಕೇಳಿದವನಲ್ಲ.

ಶನಿವಾರ ಮಧ್ಯಾಹ್ನ ಹಿದಾಯತ್‌ನ ಗುಜರಿ ಅಂಗಡಿಯಿಂದ ಹಳೆಯ ಚೇಂಬರ್ ಒಂದನ್ನು ತಂದು, ಅಂಗಳದಲ್ಲಿ ಗೋಣಿತಾಟು ಹಾಸಿ ಕೂತ.

"ಕತ್ತರಿ ಐತೇನ್ರಿ?"

"ಐತೆ. ಯಾಕ?"

"ಪ್ಯಾಕಿಂಗ್ ಮಾಡ್ಬೇಕು. ನಡುವೆ ರಟ್ಟು ಇಡದಿದ್ರೆ ಎಣ್ಣೆ ಸೋರ್ತೈತೆ."

"ಬಿಡ್ರಿ, ನಾನೇ ಕತ್ತರಿಸ್ತೀನಿ. ನಿಮ್ಮ ಕೈ ನೋಡ್ಕೊಳ್ರಿ, ಮಸಿ ಹತ್ತಿ ಕಾವಲಿ ಆಗೈತೆ."

ರಟ್ಟನ್ನು ಚೇಂಬರಿನ ಅಂಚಿಗೆ ಒತ್ತಿ, ಎಣ್ಣೆಯ ಗುರುತು ಮೂಡಿಸಿ, ಅದರ ಮೇಲೆಯೇ ಕತ್ತರಿ ಆಡಿಸಿದಳು. ಅವನು ಅವಳ ಬೆರಳುಗಳನ್ನು ನೋಡುತ್ತಿದ್ದ. ಅವಳು ತಲೆಯೆತ್ತಿದ ಕೂಡಲೇ ಸ್ಪ್ಯಾನರ್ ನೋಡಿದ. ಆ ಸ್ಪ್ಯಾನರಿನಲ್ಲಿ ಅಷ್ಟು ಹೊತ್ತು ನೋಡುವಂಥದ್ದೇನೂ ಇರಲಿಲ್ಲ.

"ಕುಕ್ಕುವಾಡದಾಕಿ ಹೆಸರೇನ್ರಿ?"

"ಕಾಟಮ್ಮ ಅಂತೆ."

"ಚೆಂದ ಅದಾಳಂತೇನು?"

"ಮಾವ ಹಂಗಂತಾನೆ."

"ನೀವೇನಂತೀರಿ?"

ಅವನು ಏನೋ ಹೇಳಲು ಬಾಯಿ ತೆರೆದ. "ಬೋಲ್ಟ್ ಕೊಡ್ರಿ" ಎಂದ.

ನಾಲ್ಕು ಮೂಲೆಗೆ ನಾಲ್ಕು ಬೋಲ್ಟು. ಹಿಂದೊಮ್ಮೆ ಇದೇ ಕೆಲಸ ಮಾಡುವಾಗ ಅವನೇ ಅವಳಿಗೆ ಹೇಳಿಕೊಟ್ಟಿದ್ದ: ಒಂದು ಮೂಲೆ ಬಿಗಿದ ಮೇಲೆ ಎದುರು ಮೂಲೆ ಬಿಗಿಯಬೇಕು, ಸಾಲಾಗಿ ಬಿಗಿದರೆ ಒಂದು ಕಡೆ ಎದ್ದು ನಿಂತು ಎಣ್ಣೆ ಸೋರುತ್ತದೆ. ಈಗ ಅವನೇ ಈ ಪಕ್ಕದ ಎರಡನ್ನೂ ಕಡೆತನಕ ಬಿಗಿದು, ಆಮೇಲೆ ಆ ಪಕ್ಕಕ್ಕೆ ಹೋದ.

ಕೊಟ್ರವ್ವ ನೋಡಿದಳು. ಮನಸ್ಸು ಆಗಲೇ ಕಾಟಮ್ಮನ ಮನೆ ಸೇರಿದೆ, ಅದಕ್ಕೇ ಕೈ ತಪ್ಪುತ್ತಿದೆ ಎಂದುಕೊಂಡಳು. ಹೇಳುವುದು ಧರ್ಮ. ಸೋರಲಿ ಎಂದು ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಎಣ್ಣೆ ಹೊಯ್ದು ಗಾಡಿ ಶುರು ಮಾಡಿದ. ತಳದಿಂದ ತೊಟತೊಟ ಹನಿಯಿತು.

"ಅಯ್ಯೋ, ಸೋರ್ತೈತೆ" ಎಂದ ಮೈಲಾರಲಿಂಗಪ್ಪ. "ಇನ್ನ ಕುಕ್ಕುವಾಡ ಆಗಂಗಿಲ್ಲ ಬಿಡ್ರಿ."

ಗಾಡಿ ಕೆಟ್ಟವನ ಮುಖ ಅಷ್ಟು ಗೆಲುವಾಗಿರುವುದಿಲ್ಲ. ಬೋಲ್ಟು ಬೇಕಂತಲೇ ತಪ್ಪಾಗಿ ಬಿಗಿದದ್ದೆಂದು ಕೊಟ್ರವ್ವನಿಗೆ ಆಗ ಅರ್ಥವಾಯಿತು.

ಕಟ್ಟೆಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿ ತಿಪ್ಪಮ್ಮ ತಲೆಯೆತ್ತದೆ ಹೇಳಿದಳು: "ಯಾಕ ಆಗಂಗಿಲ್ಲ? ಬಸ್ ಐತಲ್ಲೋ ತಮ್ಮಾ."

ಬಸ್ಸಿನ ವಿಚಾರ ಇಬ್ಬರಿಗೂ ಹೊಳೆದಿರಲಿಲ್ಲ. ಅವನ ಮುಖ ಸಪ್ಪಗಾಯಿತು. ಬಸ್ಸಿಗೆ ಹೊರಡುವವನಂತೆ ಕೋಣೆಯ ಕಡೆ ಎರಡು ಹೆಜ್ಜೆ ಹಾಕಿಯೂಬಿಟ್ಟ. ಈಗ ಸುಮ್ಮನಿದ್ದರೆ ಇವನು ಸಂಕೋಚಕ್ಕೇ ತಾಳಿ ಕಟ್ಟಿ ಬರುತ್ತಾನೆ ಅನ್ನಿಸಿ ಕೊಟ್ರವ್ವ ಅಡ್ಡ ನಿಂತಳು.

"ಬೋಲ್ಟು ಸಾಲಾಗಿ ಯಾಕ ಬಿಗಿದ್ರಿ?"

"ನೋಡಿದ್ರಾ?"

"ನೋಡ್ದೆ."

"ಮತ್ತೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಹೋಗ್ತಿದ್ರಿ."

ಅವನು ಅವಳನ್ನು ನೋಡಿದ, ಈ ಸಲ ಸ್ಪ್ಯಾನರಿನ ಕಡೆ ತಿರುಗಲಿಲ್ಲ. ಆಮೇಲೆ ಕಟ್ಟೆಯ ಮುಂದೆ ಹೋಗಿ ನಿಂತ.

"ಅಜ್ಜೀ, ಬಸ್ ಇದ್ರೂ ನಾ ಹೆಣ್ಣು ನೋಡಾಕೆ ಹೋಗಂಗಿಲ್ರಿ. ನಂಗೆ ನಿಮ್ಮ ಕೊಟ್ರವ್ವ ಬೇಕು."

ಅಜ್ಜಿ ಎಲೆ ಮಡಚಿದಳು. ಅಷ್ಟರಲ್ಲಿ ಕೊಟ್ರವ್ವನಿಗೆ ಜೀವ ಝಲ್ಲೆನ್ನುವ ಯೋಚನೆ ಬಂತು: ಕುಲವೇನೋ ಒಂದೇ, ಬೆಡಗೂ ಒಂದೇ ಆದರೆ? ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ. ಹಾಗಾದರೆ ಯಾರೂ ಏನೂ ಮಾಡುವಂತಿಲ್ಲ. ಇಷ್ಟು ದಿನ ಬಾಗಿಲ ಸಂದಿಯಿಂದ ನೋಡಿದವಳು ಅದೊಂದನ್ನು ಕೇಳಿರಲಿಲ್ಲ.

"ಅಜ್ಜೀ, ಅವರ ಬೆಡಗು..." ಎಂದಳು.

"ಬ್ಯಾರೆ" ಎಂದಳು ಅಜ್ಜಿ. "ಕೋಣೆ ಕೊಡೋಕೆ ಮುಂಚೇನೇ ಕೇಳೀನಿ. ಬೆಳೆದ ಹುಡುಗಿ ಇರೋ ಮನೆಯಾಗೆ ಹರೇದ ಹುಡುಗನ್ನ ಸುಮ್ನೆ ಇಟ್ಕೊಂತಾರೇನು? ಇವನ ಬಾಯಿ ಯಾವಾಗ ತೆರಿತೈತೋ ಅಂತ ಕಾದು ಕಾದು ನಂಗೆ ಸಾಕಾಗಿತ್ತು."

ಇಬ್ಬರೂ ಪೆಚ್ಚಾಗಿ ನಿಂತರು.

"ನಿಮ್ಮಪ್ಪ ಮಿಲ್ಲಿನಿಂದ ಬರ್ಲಿ ಕೊಟ್ರವ್ವಾ, ನಾ ಹೇಳ್ತೀನಿ. ನೀನು ಬಸ್ ಹತ್ತು ತಮ್ಮಾ. ಆ ಕುಕ್ಕುವಾಡದ ಕೂಸು ಸೀರೆ ಉಟ್ಕೊಂಡು ಕಾಯ್ತಿರ್ತಾಳೆ. ಹೋಗಿ, ಅವರ ಮನೆಯೋರ ಮುಂದೆ ನಿಜ ಹೇಳಿ, ಕೈ ಮುಗಿದು ಬಾ."

ಕೊಟ್ರವ್ವ ಅವನ ಕೈಗೆ ನೀರು ಹಾಕಿದಳು. ಮಸಿ ಅಷ್ಟು ಬೇಗ ಹೋಗುವಂಥದ್ದಲ್ಲ. ಇಬ್ಬರಿಗೂ ಅವಸರವಿರಲಿಲ್ಲ.

"ಸಂಜೆಗೆ ಬರ್ತೀನಿ" ಎಂದ ಅವನು.

"ಬಾ" ಎಂದಳು ಕೊಟ್ರವ್ವ. ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.