ಪಿಕಪ್‌ಗೆ ಹೊಸ ಹಾಸು

"ನೀರು ಹಾಕಿದೀನಿ. ಈಗ ಶೂ ಬಿಚ್ಚಿ ನಿಂತು ನೋಡು," ಎಂದ ಅಪ್ಪ.

ಅಂಗಡಿಯ ಮುಂದೆ ಕಪ್ಪಗೆ ಹೊಳೆಯುವ ದೊಡ್ಡ ಪ್ಲಾಸ್ಟಿಕ್ ತಟ್ಟೆಯೊಂದನ್ನು ಇಟ್ಟಿದ್ದರು. ತಟ್ಟೆ ಎಂದರೆ ಊಟದ ತಟ್ಟೆಯಲ್ಲ. ಪಿಕಪ್ ಗಾಡಿಯ ಹಿಂದೆ, ಸಾಮಾನು ತುಂಬುವ ಜಾಗದಲ್ಲಿ ಸರಿಯಾಗಿ ಕೂರುವ ಹಾಸು ಅದು. ರೇಡಿಯೋ ಸಾಕ್ಸನ್ನು ಶೂ ಒಳಗೆ ತುರುಕಿ ಹಾಸಿನ ಮೇಲೆ ಹತ್ತಿದಳು.

ರೇಡಿಯೋ ಎಂದರೆ ಅಪ್ಪನ ಮಗಳು. ಬೆಳಿಗ್ಗೆ ಕಣ್ಣಿನ ಜೊತೆ ಬಾಯಿ ತೆರೆದರೆ ರಾತ್ರಿ ಕಣ್ಣಿನ ಜೊತೆಗೇ ಮುಚ್ಚುವುದು. ಅದಕ್ಕೇ ಮನೆಯಲ್ಲಿ ಆ ಹೆಸರು ಬಿದ್ದಿತ್ತು.

ಅಪ್ಪನ ಪಿಕಪ್ಪಿನ ಪ್ರಯಾಣಿಕರು ಯಾರೆಂದರೆ ಹಸು, ಕರು, ಮೇಕೆ, ಒಮ್ಮೊಮ್ಮೆ ಕತ್ತೆ. ಕಾಯಿಲೆ ಬಿದ್ದವನ್ನು ಪ್ರಾಣಿಗಳ ಆಸ್ಪತ್ರೆಗೆ ಒಯ್ದು, ಮತ್ತೆ ಮನೆ ಮುಟ್ಟಿಸುವುದು ಅವನ ಕೆಲಸ. ಗಾಡಿಯ ತಗಡಿನ ನೆಲ ತುಕ್ಕು ಹಿಡಿದು ತೂತು ಬಿದ್ದಿತ್ತು. ಅದರಲ್ಲಿ ಯಾವುದಾದರೂ ಕಾಲು ಸಿಕ್ಕಿಕೊಂಡರೆ ಗತಿಯೇನು ಎಂದು ಹೊಸ ಹಾಸು ಕೊಳ್ಳಲು ಬಂದಿದ್ದ. ಒದ್ದೆ ಮಾಡಿ, ಬರಿಗಾಲಲ್ಲಿ ನಿಂತು ನೋಡದೆ ಅಪ್ಪ ಯಾವ ಹಾಸನ್ನೂ ಒಪ್ಪುವವನಲ್ಲ. ಆದರೆ ಹಿಂದಿನ ವಾರ ಎಮ್ಮೆಯೊಂದು ಅವನ ಪಾದದ ಮೇಲೆಯೇ ಆರಾಮಾಗಿ ನಿಂತುಬಿಟ್ಟಿತ್ತು. ಈಗ ಪಾದಕ್ಕೆ ದಪ್ಪ ಬ್ಯಾಂಡೇಜು. ಹಾಗಾಗಿ ಪರೀಕ್ಷೆ ಮಾಡುವ ಕೆಲಸ ರೇಡಿಯೋ ಪಾಲಿಗೆ ಬಂತು.

ಅಂಗಡಿಯವನು ಮೊದಲೇ ಎಲ್ಲವನ್ನೂ ವಿವರಿಸಿದ್ದ. "ನೆಲಕ್ಕೇ ಅಂಟ್ಕೊಳ್ಳೋ ಸ್ಪ್ರೇ ಹಾಸು ಹೊಡೆಸಿದ್ರೆ ಗಟ್ಟಿ. ಆದ್ರೆ ತುಕ್ಕೆಲ್ಲಾ ಉಜ್ಜಬೇಕು. ಗಾಡಿ ಇಲ್ಲೇ ಬಿಟ್ಟು ಹೋಗ್ಬೇಕಾಗುತ್ತೆ."

"ಗಾಡಿ ಬಿಟ್ಟು ಹಸೂನ ಹೆಗಲ ಮೇಲೆ ಹೊತ್ಕೊಂಡು ಹೋಗ್ಲಾ?" ಎಂದಿದ್ದ ಅಪ್ಪ.

"ಹಾಗಾದ್ರೆ ರಬ್ಬರ್ ಮ್ಯಾಟ್ ತಗೊಳ್ಳಿ. ಹಿಡಿತ ಚೆನ್ನಾಗಿರುತ್ತೆ. ವಾಸನೆ ಮಾತ್ರ ಬೇಗ ಬಿಡಲ್ಲ. ಈ ಪ್ಲಾಸ್ಟಿಕ್ ಆದ್ರೆ ಒಂದು ಬಕೆಟ್ ನೀರು ಸಾಕು, ಎಲ್ಲಾ ಕ್ಲೀನ್. ಸಣ್ಣ ಸಣ್ಣ ಗೆರೆ ಇದಾವೆ ನೋಡಿ. ಜಾರುತ್ತೋ ಇಲ್ವೋ ನೀವೇ ನೋಡ್ಕೊಳ್ಳಿ."

ವಾಸನೆ ಎಂದ ಕೂಡಲೇ ರೇಡಿಯೋ ಕಿವಿ ನೆಟ್ಟಗಾಗಿತ್ತು. ಅಪ್ಪ ದಿನವೂ ಅವಳನ್ನು ಸ್ಕೂಲಿಗೆ ಬಿಡುತ್ತಿದ್ದುದು ಇದೇ ಗಾಡಿಯಲ್ಲಿ. "ಸೆಗಣಿ ಎಕ್ಸ್‌ಪ್ರೆಸ್ ಬಂತು, ಮೂಗು ಮುಚ್ಕೊಳ್ರೇ," ಎಂದು ಎರಡು ಜಡೆಯ ಹುಡುಗಿ ಗೇಟಿನ ಹತ್ತಿರ ಕೂಗಿದಾಗ ಎಲ್ಲರೂ ನಕ್ಕಿದ್ದರು. ರೇಡಿಯೋ ಕೂಡ ನಕ್ಕಿದ್ದಳು. ಅಪ್ಪ ಇನ್ನೂ ಗಾಡಿಯಲ್ಲೇ ಕೂತಿದ್ದ. ಅದನ್ನು ನೆನೆದರೆ ಅವಳ ಮುಖ ಈಗಲೂ ಬಿಸಿಯಾಗುತ್ತಿತ್ತು.

ಅವಳು ಹಾಸಿನ ಮೇಲೆ ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಇಡುವಷ್ಟರಲ್ಲಿ ಹಿಮ್ಮಡಿ ಸರ್ರನೆ ಜಾರಿತು. ಬೀಳುವ ಮೊದಲು ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಪ್ಪ ಆಗ ಅಂಗಡಿಯವನ ಕಡೆ ತಿರುಗಿದ್ದ.

"ಹೇಗಿದೆ?" ಎಂದು ಕೇಳಿದ.

"ಜಾರಲ್ಲಪ್ಪ."

"ಸರಿಯಾಗಿ ನೋಡಿದ್ಯಾ?"

"ಹೂಂ. ಸಖತ್ತಾಗಿದೆ."

"ನಮ್ಮ ಇನ್ಸ್‌ಪೆಕ್ಟರ್ ಪಾಸ್ ಮಾಡಿದ್ಮೇಲೆ ಇನ್ನೇನು, ಇದನ್ನೇ ಕೂರಿಸಿ," ಎಂದ ಅಪ್ಪ ಅಂಗಡಿಯವನಿಗೆ.

ಮರುದಿನ ರಜೆ. ಹಾಲಿನ ಅಜ್ಜಿ ಬೆಳಿಗ್ಗೆಯೇ ಮನೆ ಬಾಗಿಲಿಗೆ ಬಂದಳು. ಬೀದಿಗೆಲ್ಲ ಹಾಲು ಕೊಡುವ ಅವಳ ಹತ್ತಿರ ಇದ್ದದ್ದು ಒಂದೇ ಹಸು, ಅದೂ ತುಂಬು ಗರ್ಭಿಣಿ. "ಮೇವು ಮೂಸಿ ನೋಡ್ತಾ ಇಲ್ಲ ಕಣಪ್ಪ," ಎಂದಳು.

ಹಸುವನ್ನು ಗಾಡಿಗೆ ಹತ್ತಿಸಿ, ಕಾಲಡಿಗೆ ಹುಲ್ಲು ಹರಡಿದ ಅಪ್ಪ ಮೆಲ್ಲಗೇ ಹೊರಟ. ಮುಂದಿನ ಸೀಟಿನಲ್ಲಿ ಅಪ್ಪನಿಗೂ ಅಜ್ಜಿಗೂ ನಡುವೆ ರೇಡಿಯೋ ಕೂತಿದ್ದಳು. ಗಾಡಿ ತಿರುವಿನಲ್ಲಿ ತಿರುಗಿತಷ್ಟೆ, ಹಿಂದೆ ಧಡ್ ಎಂದು ಸದ್ದಾಯಿತು. ಗಾಡಿಯೇ ಒಮ್ಮೆ ಅಲುಗಿತು.

ಹಸು ಬಿದ್ದಿತ್ತು. ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋಗಿದ್ದವು. ಏಳಲು ಒದ್ದಾಡಿದಷ್ಟೂ ಅದು ಜಾರುತ್ತಿತ್ತು, ಹುಲ್ಲೂ ಅದರ ಜೊತೆಗೇ ಜಾರುತ್ತಿತ್ತು. ಅಪ್ಪ ಬ್ಯಾಂಡೇಜಿನ ಕಾಲಲ್ಲೇ ಹಿಂದಕ್ಕೆ ಹತ್ತಿ, ಗೋಣಿಚೀಲಗಳನ್ನು ಅದರ ಗೊರಸಿನ ಕೆಳಗೆ ತುರುಕಿ, ಹೆಗಲು ಕೊಟ್ಟು ಎಬ್ಬಿಸಿದ. ಮುಂಗಾಲಿನ ಮಂಡಿ ತರಚಿ ರಕ್ತ ಬರುತ್ತಿತ್ತು.

"ಹೊಟ್ಟೆಗೆ ಏಟಾಯ್ತೇನೋ. ಒಳಗೆ ಕರು ಇದೆಯಪ್ಪ," ಎಂದಳು ಅಜ್ಜಿ.

"ತಪ್ಪು ನಂದೇ ಅಜ್ಜಿ. ಹೊಸ ಹಾಸು. ಸರಿಯಾಗಿ ನೋಡದೆ ಹಾಕಿಸ್ಬಿಟ್ಟೆ," ಎಂದ ಅಪ್ಪ.

ಅಪ್ಪ ಈಗ ನನ್ನ ಕಡೆ ತಿರುಗುತ್ತಾನೆ ಎಂದು ರೇಡಿಯೋ ಕಾದಳು. ಅವನು ತಿರುಗಲಿಲ್ಲ. ತಿರುಗಿ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹಸುವಿನ ಹೊಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಒತ್ತಿ ನೋಡಿದರು. ಅಜ್ಜಿ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಕರುವಿಗೆ ಏನೂ ಆಗದಿರಲಿ, ಏನೂ ಆಗದಿರಲಿ ಎಂದು ರೇಡಿಯೋ ಮನಸ್ಸಿನಲ್ಲೇ ಹೇಳಿಕೊಂಡಳು.

"ಒದೀತಾ ಇದಾನೆ ಒಳಗಿರೋನು," ಎಂದರು ಡಾಕ್ಟರಮ್ಮ ಕೊನೆಗೆ. "ಭಯ ಇಲ್ಲ. ಅಜೀರ್ಣಕ್ಕೆ ಔಷಧಿ ಕೊಡ್ತೀನಿ. ಮಂಡಿಗೆ ಹೊಲಿಗೆ ಹಾಕೋಣ."

ಹೊಲಿಗೆ ಹಾಕಿ, ಬ್ಯಾಂಡೇಜು ಸುತ್ತಿ ಮುಗಿಯುವವರೆಗೂ ರೇಡಿಯೋ ಮಾತಾಡಲಿಲ್ಲ. "ಏನಮ್ಮಾ, ಬ್ಯಾಟರಿ ಖಾಲಿಯಾಯ್ತಾ?" ಎಂದ ಅಪ್ಪ. ಅವಳಿಗೆ ನಗು ಬರಲಿಲ್ಲ.

ಹೊರಡುವಾಗ ಹೊಸ ತಾಪತ್ರಯ ಶುರುವಾಯಿತು. ಹಸು ಗಾಡಿ ಹತ್ತಲೊಲ್ಲದು. ಅಪ್ಪ ಹಾಸು ಕಾಣದಂತೆ ಚೀಲ ಹಾಸಿದ, ಬೆನ್ನು ಸವರಿದ, ಬೆಲ್ಲ ತೋರಿಸಿದ. ಅದು ಗಾಡಿಗೆ ಒರಗಿಸಿದ ಹಲಗೆಯ ಮೇಲೆ ಒಂದು ಗೊರಸು ಇಟ್ಟು, ಕಣ್ಣು ದೊಡ್ಡದು ಮಾಡಿ ಹಿಂದೆ ಸರಿಯಿತು. ಮೈಯೆಲ್ಲ ನಡುಗುತ್ತಿತ್ತು.

"ಬಿಡಪ್ಪ, ನಡೆಸ್ಕೊಂಡೇ ಹೋಗ್ತೀನಿ," ಎನ್ನುತ್ತ ಅಜ್ಜಿ ಹಗ್ಗ ಬಿಚ್ಚಲು ಹೋದಳು.

ರೇಡಿಯೋ ಅಪ್ಪನ ಅಂಗಿ ಎಳೆದಳು. "ಅಪ್ಪ, ಅಂಗಡೀಲಿ ನಾನು ಜಾರಿದ್ದೆ," ಎಂದಳು ಮೆಲ್ಲಗೆ.

"ಹಸು ಬಿದ್ದಾಗಲೇ ಗೊತ್ತಾಯ್ತು."

"ಮತ್ತೆ ಅಜ್ಜಿಗ್ಯಾಕೆ ಹೇಳ್ಲಿಲ್ಲ?"

"ಗಾಡಿ ನಂದು. ಹಸೂನ ಹತ್ತಿಸಿದ್ದು ನಾನು," ಎಂದ ಅಪ್ಪ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸೋತವನ ಹಾಗೆ ಕಾಣುತ್ತಿದ್ದ. "ನನ್ನ ಕಾಲಲ್ಲಿ ಅಷ್ಟು ದೂರ ನಡೆಯೋಕಾಗಲ್ಲ. ನೀನು ಅಜ್ಜಿ ಜೊತೆ ಹೋಗು. ನಾನು ಹಿಂದೇನೇ ಗಾಡೀಲಿ ಬರ್ತೀನಿ."

ಹೀಗೆ ಮೆರವಣಿಗೆ ಹೊರಟಿತು. ಮುಂದೆ ಹಗ್ಗ ಹಿಡಿದ ಅಜ್ಜಿ, ಪಕ್ಕದಲ್ಲಿ ಕುಂಟುವ ಹಸು, ಅದರ ಇನ್ನೊಂದು ಪಕ್ಕಕ್ಕೆ ರೇಡಿಯೋ. ಹಿಂದೆ ಆಮೆಯ ವೇಗದಲ್ಲಿ ಖಾಲಿ ಪಿಕಪ್. ಹಿಂದಿನಿಂದ ಹಾರನ್ ಹೊಡೆದವರಿಗೆಲ್ಲ ಅಪ್ಪ ಕೈ ಹೊರಗೆ ಹಾಕಿ ದಾರಿ ತೋರಿಸುತ್ತಿದ್ದ.

ಆಟದ ಮೈದಾನದ ಹತ್ತಿರ ಬಂದಾಗ ರೇಡಿಯೋ ಹಸುವಿನ ಮರೆಗೆ ಸರಿದಳು. ಅವಳ ಕ್ಲಾಸಿನ ಹುಡುಗಿಯರೆಲ್ಲ ಅಲ್ಲೇ ಇದ್ದರು. ಎರಡು ಜಡೆಯವಳು ಬೇಲಿಯ ಹತ್ತಿರ ಓಡಿ ಬಂದಳು. ಈ ಸಲ ಅವಳು ಮೂಗು ಮುಚ್ಚಿಕೊಳ್ಳಲಿಲ್ಲ. ಹಸುವಿನ ಮಂಡಿಯ ಬ್ಯಾಂಡೇಜನ್ನೇ ನೋಡುತ್ತಿದ್ದಳು.

"ಪಾಪ. ಏನಾಯ್ತೇ ಇದಕ್ಕೆ? ನಿಮ್ಮಪ್ಪ ಬೀಳಿಸಿದ್ರಾ?"

ಸುಮ್ಮನಿದ್ದರೆ ಸಾಕಿತ್ತು. ಮಾತು ಅಲ್ಲಿಗೇ ಮುಗಿಯುತ್ತಿತ್ತು. ರೇಡಿಯೋ ಹಿಂದೆ ತಿರುಗಿ ನೋಡಿದಳು. ಅಪ್ಪ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅವನಿಗೆ ಇಲ್ಲಿಯ ಮಾತು ಕೇಳಿಸುವಂತಿರಲಿಲ್ಲ.

"ಅಪ್ಪ ಅಲ್ಲ," ಎಂದಳು. "ಹಾಸು ಜಾರುತ್ತೆ ಅಂತ ನಂಗೆ ಗೊತ್ತಿತ್ತು. ಜಾರಲ್ಲ ಅಂತ ಸುಳ್ಳು ಹೇಳಿದ್ದು ನಾನು."

ಅಜ್ಜಿ ಸರಕ್ಕನೆ ತಿರುಗಿದಳು. ಅವಳ ಮುಖ ನೋಡುವ ಧೈರ್ಯ ರೇಡಿಯೋಗಿರಲಿಲ್ಲ.

"ಯಾಕೆ ಹಾಗೆ ಹೇಳ್ದೆ?" ಎಂದು ಕೇಳಿದಳು ಅಜ್ಜಿ.

"ಆ ಹಾಸು ಹಾಕಿದ್ರೆ ಗಾಡಿ ವಾಸನೆ ಬರಲ್ಲ ಅಂತ."

ಅಜ್ಜಿ ಹಸುವಿನ ಕತ್ತು ಕೆರೆದಳು. "ಹಸು ಅಂದ್ಮೇಲೆ ವಾಸನೆ ಬರುತ್ತೆ," ಎಂದಳು. ಪರವಾಗಿಲ್ಲ ಎಂದೂ ಹೇಳಲಿಲ್ಲ, ಬೈಯಲೂ ಇಲ್ಲ. ಹಗ್ಗ ಎಳೆದು ಮತ್ತೆ ನಡೆದಳು.

ಮೈದಾನ ದಾಟಿದ ಮೇಲೆ ರಸ್ತೆ ಇಳಿಜಾರು. ಅಲ್ಲಿ ಯಾರೋ ನೀರು ಚೆಲ್ಲಿದ್ದರು. ಹಸು ಒದ್ದೆ ನೆಲ ನೋಡಿ ಗಕ್ಕನೆ ನಿಂತಿತು. ಮುಂಗಾಲು ಎತ್ತಿತು, ಇಡಲು ಹೆದರಿತು. ಆಮೇಲೆ ತನ್ನ ಭಾರವನ್ನೆಲ್ಲ ಪಕ್ಕಕ್ಕೆ, ರೇಡಿಯೋಳ ಹೆಗಲಿಗೆ ವಾಲಿಸಿತು.

ಎಷ್ಟು ಭಾರ ಅದು. ಅವಳ ಉಸಿರೇ ಸಿಕ್ಕಿಕೊಂಡಿತು. ಫ್ರಾಕಿಗೆ ಸೆಗಣಿ ಮೆತ್ತಿಕೊಂಡಿತು. ಹುಡುಗಿಯರು ಬೇಲಿಯ ಹಿಂದಿನಿಂದ ಇನ್ನೂ ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು.

ಅವಳು ಚಪ್ಪಲಿ ಬಿಟ್ಟು, ಬರಿಗಾಲನ್ನು ನೆಲಕ್ಕೆ ಒತ್ತಿ ಹಿಡಿದಳು. ಹಸು ತಾನಾಗಿಯೇ ಹೆಜ್ಜೆ ಇಡುವವರೆಗೂ ಕದಲಲಿಲ್ಲ.